32ರ ಟೈರನ್ನು ರಿಮ್ ಒಪ್ಪಿದರೂ ಫ್ರೇಮ್ ಒಪ್ಪಲಾರದು
ನಮಸ್ಕಾರ. ಶಿರಸಿಯಿಂದ ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ ಹೋಗಿಬರುವ ನಿಮ್ಮ ರೋಡ್ ಬೈಕಿಗೆ 25 ಮಿ.ಮೀ. ಅಗಲದ ಟೈರಿನ ಬದಲು 32ರದ್ದನ್ನು ಹಾಕಬಹುದೇ ಎಂದು ಕೇಳಿದ್ದೀರಿ; ರಿಮ್‌ನ ಒಳ ಅಗಲ 19 ಮಿ.ಮೀ., ಫ್ರೇಮಿನಲ್ಲಿ ಹಿಡಿಸುವ ಟೈರಿಗೆ ತಯಾರಕರು ಹೇಳಿರುವ ಮಿತಿ 28 ಎಂದೂ ತಿಳಿಸಿದ್ದೀರಿ. ರಿಮ್‌ನಿಂದ ಅಡ್ಡಿಯಿಲ್ಲ, 19ರ ಮೇಲೆ 32 ಸರಿಯಾಗಿಯೇ ಕೂರುತ್ತದೆ. ತೊಡಕಿರುವುದು ಫ್ರೇಮಿನಲ್ಲಿ, ಆದ್ದರಿಂದ 28ಕ್ಕೆ ನಿಲ್ಲಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಆದರೆ ಟೈರಿನ ಮೇಲೆ ಅಚ್ಚಾದ ಸಂಖ್ಯೆಯೊಂದನ್ನೇ ನಂಬಬೇಡಿ. ರಿಮ್‌ನ ಒಳ ಅಗಲ 1 ಮಿ.ಮೀ. ಹೆಚ್ಚಿದರೆ ಟೈರು ಸುಮಾರು 0.4 ಮಿ.ಮೀ. ಹಿಗ್ಗುತ್ತದೆಂಬುದು ರೂಢಿಯ ಲೆಕ್ಕವಾದ್ದರಿಂದ, ಮುಂದೆ 23ರ ರಿಮ್ ಕೊಂಡರೆ ಇದೇ 28ರ ಟೈರು 30ರ ಹತ್ತಿರ ಹೋಗಬಹುದು.

ಗಾಳಿ ತುಂಬಿ ಒಂದು ದಿನ ಬಿಟ್ಟು ಟೈರಿನ ಅಗಲವನ್ನು ವರ್ನಿಯರ್ ಅಳತೆಗೋಲಿನಿಂದ ಅಳೆಯಿರಿ. ಬಳಿಕ 4 ಮಿ.ಮೀ. ಅಲೆನ್ ಕೀಯನ್ನು ಟೈರಿಗೂ ಫ್ರೇಮಿಗೂ ನಡುವಿನ ಸಂದಿಯಲ್ಲಿ, ಅಂದರೆ ಚೈನ್‌ಸ್ಟೇಯ (ಪೆಡಲಿನ ಬಳಿಯಿಂದ ಹಿಂಚಕ್ರದ ಅಚ್ಚಿಗೆ ಹೋಗುವ ಕೊಳವೆ) ಎರಡೂ ಬದಿಯಲ್ಲಿ, ಮುಂಚಕ್ರ ಹಿಡಿದಿರುವ ಫೋರ್ಕಿನ ಒಳನೆತ್ತಿಯಲ್ಲಿ, ರಿಮ್ ಬ್ರೇಕ್ ಇದ್ದರೆ ಅದರ ಕ್ಯಾಲಿಪರ್ (ರಿಮ್ಮನ್ನು ಅಮುಕುವ ಹಿಡಿಕೆ) ಕೆಳಗೂ ತೂರಿಸಿ ನೋಡಿ. ಚಕ್ರವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸುವಾಗ ಕೀ ಎಲ್ಲಿಯೂ ಸಿಕ್ಕಿಕೊಳ್ಳಬಾರದು. ಮಳೆಗಾಲದಲ್ಲಿ ಘಟ್ಟದ ಕೆಂಪು ಕೆಸರು ಸಣ್ಣ ಜಲ್ಲಿಯನ್ನೂ ಹೊತ್ತುಕೊಂಡು ಆ ಸಂದಿಯಲ್ಲೇ ಕೂರುತ್ತದೆ, ಕಾರ್ಬನ್ ಫ್ರೇಮಾದರೆ ಬಣ್ಣದೊಂದಿಗೆ ಒಳಗಿನ ನಾರನ್ನೂ ಸವೆಸುತ್ತದೆ.