ಹಾರ್ಟ್ ಫೇಲ್ಯೂರ್ ಎಂದರೆ ಹೃದಯ ನಿಂತುಹೋಗುವುದೇ?

ಆಳಂದ ತಾಲ್ಲೂಕಿನಿಂದ ನೀವು ಕೇಳಿರುವ ಪ್ರಶ್ನೆ ಹೀಗಿದೆ: ತಂದೆಯವರ ಚೀಟಿಯಲ್ಲಿ ವೈದ್ಯರು ‘ಹಾರ್ಟ್ ಫೇಲ್ಯೂರ್’ ಎಂದು ಬರೆದಿದ್ದಾರೆ, ಕಾಲು ಬಾತಿವೆ, ರಾತ್ರಿ ಅಂಗಾತ ಮಲಗಿದರೆ ದಮ್ಮು ಹತ್ತುತ್ತದೆ, ಆದರೂ ಅಟ್ಯಾಕ್ ಆಗಿಲ್ಲ ಎನ್ನುತ್ತಾರೆ, ಹಾಗಾದರೆ ಫೇಲ್ ಆದದ್ದು ಏನು, ಹೃದಯ ಯಾವಾಗ ಬೇಕಾದರೂ ನಿಂತುಬಿಡುತ್ತದೆಯೇ? ನಾನು ಕಲಬುರಗಿಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಕಲಿಸುತ್ತೇನೆ. ಇದೇ ಕಾಯಿಲೆಯಿದ್ದ ನನ್ನ ತಂದೆಯವರನ್ನು ಆರು ವರ್ಷ ಮನೆಯಲ್ಲಿ ನೋಡಿಕೊಂಡಿದ್ದೇನೆ. ಔಷಧಿಯ ಪ್ರಮಾಣ ನಿಮ್ಮ ವೈದ್ಯರಿಗೇ ಸೇರಿದ ವಿಷಯ. ದೇಹದೊಳಗೆ ಏನು ನಡೆಯುತ್ತಿದೆ ಎಂಬುದನ್ನು ಮಾತ್ರ ನಾನು ವಿವರಿಸಬಲ್ಲೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಕೊರೊನರಿ ನಾಳ ಕಟ್ಟಿಕೊಂಡು ಸ್ನಾಯುವಿನ ಒಂದು ಭಾಗ ಸಾಯತೊಡಗಿದರೆ ಅದು ಹಾರ್ಟ್ ಅಟ್ಯಾಕ್. ವಿದ್ಯುತ್ ಲಯ ಕೆಟ್ಟು ಹೃದಯವು ರಕ್ತ ತಳ್ಳುವುದನ್ನೇ ನಿಲ್ಲಿಸಿದರೆ ಅದು ಕಾರ್ಡಿಯಾಕ್ ಅರೆಸ್ಟ್. ನಿಮ್ಮ ತಂದೆಯವರ ಹೃದಯ ಬಡಿಯುತ್ತಲೇ ಇದೆ, ಆದರೆ ಬಂದ ರಕ್ತವನ್ನೆಲ್ಲ ಸರಾಗವಾಗಿ ಮುಂದೆ ಸಾಗಿಸುವ ಶಕ್ತಿ ಅದಕ್ಕೆ ಸಾಲುತ್ತಿಲ್ಲ. ಹಳೆಯ ಅಟ್ಯಾಕ್‌ನ ಕಲೆ, ವರ್ಷಗಟ್ಟಲೆ ಹತೋಟಿಗೆ ಬಾರದ ಬಿ.ಪಿ., ಸಕ್ಕರೆ ಕಾಯಿಲೆ, ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕೆಟ್ಟ ಕವಾಟ, ಅತಿಯಾದ ಕುಡಿತ, ಇವುಗಳಲ್ಲಿ ಯಾವುದರಿಂದಲಾದರೂ ಈ ಸ್ಥಿತಿ ಬರಬಹುದು. ಇಂಥವರಲ್ಲಿ ಲಯ ತಪ್ಪುವ ಅಪಾಯ ಇತರರಿಗಿಂತ ಹೆಚ್ಚು ಎಂಬುದನ್ನು ಮುಚ್ಚಿಡಲಾರೆ. ಹಾಗೆಂದು ನಾಳೆಯೇ ನಿಲ್ಲುತ್ತದೆ ಎಂದು ಎಣಿಸಬೇಡಿ. ಗುಳಿಗೆ ತಪ್ಪಿಸದೆ ವರ್ಷಗಟ್ಟಲೆ ಚೆನ್ನಾಗಿ ಬಾಳಿದವರು ಬಹಳ ಜನರಿದ್ದಾರೆ.

ಹೃದಯವು ಮುಷ್ಟಿಯಷ್ಟು ಗಾತ್ರದ, ಸುಮಾರು 300 ಗ್ರಾಂ ತೂಕದ ಅಂಗ. ಅದರೊಳಗೆ ಎರಡು ಪಂಪುಗಳು ಒಂದಕ್ಕೊಂದು ಅಂಟಿಕೊಂಡಿವೆ. ಬಲಭಾಗವು ದೇಹದಿಂದ ಮರಳಿದ ರಕ್ತವನ್ನು ಶ್ವಾಸಕೋಶಕ್ಕೆ ತಳ್ಳುತ್ತದೆ, ಎಡಭಾಗವು ಶ್ವಾಸಕೋಶದಿಂದ ಬಂದ ರಕ್ತವನ್ನು ದೇಹಕ್ಕೆಲ್ಲ ಕಳಿಸುತ್ತದೆ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತವೆಂದರೆ ಸುಮಾರು 5 ಲೀಟರ್, ದಿನಕ್ಕೆ 7000 ಲೀಟರಿಗೂ ಹೆಚ್ಚು. ಬೇಸಿಗೆಯಲ್ಲಿ ನಮ್ಮ ಬಡಾವಣೆಗೆ ಬರುವ 5000 ಲೀಟರಿನ ಟ್ಯಾಂಕರ್ ತುಂಬಿದ ಮೇಲೂ ಮಿಗುವಷ್ಟು! ಇಷ್ಟೊಂದು ರಕ್ತವನ್ನು ಉಂಡ ಅನ್ನದಿಂದ ದಿನವೂ ಹೊಸದಾಗಿ ತಯಾರಿಸುವುದು ಅಸಾಧ್ಯ, ಆದ್ದರಿಂದ ಇದ್ದ ರಕ್ತವೇ ಸುತ್ತುತ್ತಿರಬೇಕು ಎಂದು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಲೆಕ್ಕ ಹಾಕಿಯೇ ವಾದಿಸಿದ್ದರು.

ಸುತ್ತುವ ರಕ್ತವಾದ್ದರಿಂದ ಬಲ ಮತ್ತು ಎಡ ಭಾಗಗಳ ಲೆಕ್ಕ ಸರಿಹೊಂದಲೇಬೇಕು. ಬಲಭಾಗ 70 ಮಿಲಿಲೀಟರ್ ಕಳಿಸಿ, ಎಡಭಾಗ 69 ಮಾತ್ರ ಸಾಗಿಸಿತು ಎಂದುಕೊಳ್ಳಿ. ಒಂದೇ ನಿಮಿಷದಲ್ಲಿ 72 ಮಿಲಿಲೀಟರ್ ರಕ್ತ ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ. ಆರೋಗ್ಯವಂತ ಹೃದಯ ಇದಕ್ಕೆ ಅವಕಾಶ ಕೊಡುವುದಿಲ್ಲ, ಏಕೆಂದರೆ ಹೆಚ್ಚು ರಕ್ತ ತುಂಬಿ ಸ್ನಾಯು ಹಿಗ್ಗಿದಷ್ಟೂ ಅದು ಹೆಚ್ಚು ಬಲದಿಂದ ಕುಗ್ಗುತ್ತದೆ. ಸೋತ ಹೃದಯದಲ್ಲಿ ಈ ಗುಣ ಕುಂದಿರುತ್ತದೆ. ರಕ್ತ ಹಿಂದಕ್ಕೆ ಒತ್ತರಿಸಿ, ಶ್ವಾಸಕೋಶದ ಸೂಕ್ಷ್ಮ ನಾಳಗಳಿಂದ ನೀರು ಹೊರಗೆ ಜಿನುಗುತ್ತದೆ. ಹಗಲೆಲ್ಲ ಕಾಲಿನಲ್ಲಿ ತಂಗಿದ್ದ ನೀರೂ ರಕ್ತವೂ ಮಲಗಿದ ಕೂಡಲೇ ಎದೆಗೆ ಮರಳುವುದರಿಂದ ದಮ್ಮು ಹತ್ತುವುದು ರಾತ್ರಿಯೇ. ನನ್ನ ತಂದೆಯವರು ಒಂದು ದಿಂಬಿನಿಂದ ಎರಡಕ್ಕೆ, ಆಮೇಲೆ ಅದರ ಕೆಳಗೊಂದು ಮಡಿಸಿದ ಕೌದಿಗೆ ಬಂದಿದ್ದರು. ಕಾಯಿಲೆ ಏರುತ್ತಿದೆ ಎಂಬ ಸೂಚನೆ ಆ ದಿಂಬುಗಳ ಲೆಕ್ಕದಲ್ಲೇ ಇತ್ತು. ಕಲಿಸುವವಳಾದ ನನಗೂ ಅದು ತಡವಾಗಿ ಹೊಳೆಯಿತು.

ನನ್ನ ಪ್ರಕಾರ ಈ ಕಾಯಿಲೆಯ ತಿರುಳು ಹೃದಯಕ್ಕಿಂತ ಹೆಚ್ಚಾಗಿ ಮೂತ್ರಪಿಂಡದಲ್ಲಿದೆ. ಹೃದಯ ಸೋತಿದೆ ಎಂದು ಮೂತ್ರಪಿಂಡಕ್ಕೆ ತಿಳಿಯುವ ದಾರಿಯಿಲ್ಲ, ತನಗೆ ಬರುವ ರಕ್ತದ ಒತ್ತಡ ಇಳಿದಿದೆ ಎಂಬುದಷ್ಟೇ ಅದಕ್ಕೆ ಗೊತ್ತಾಗುತ್ತದೆ. ಒತ್ತಡ ಇಳಿಯುವುದು ಗಾಯದಿಂದ ರಕ್ತ ಹರಿದಾಗ, ಇಲ್ಲವೇ ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಮೈಯ ನೀರು ಬತ್ತಿದಾಗ. ಅಂಥ ಹೊತ್ತಿಗೆಂದು ಇರುವ ಏರ್ಪಾಡನ್ನೇ ಅದು ಇಲ್ಲಿಯೂ ಹೂಡುತ್ತದೆ: ರೆನಿನ್ ಎಂಬ ರಸವನ್ನು ಬಿಟ್ಟು, ರಕ್ತನಾಳಗಳನ್ನು ಬಿಗಿಗೊಳಿಸಿ, ಉಪ್ಪನ್ನೂ ನೀರನ್ನೂ ಹೊರಹೋಗದಂತೆ ಹಿಡಿದಿಡುತ್ತದೆ. ಮೊದಲೇ ದಣಿದ ಹೃದಯದ ಮೇಲೆ ಇನ್ನಷ್ಟು ಹೊರೆ ಬೀಳುತ್ತದೆ, ಅದು ಇನ್ನಷ್ಟು ಸೋಲುತ್ತದೆ, ಮೂತ್ರಪಿಂಡ ಇನ್ನಷ್ಟು ನೀರು ಹಿಡಿಯುತ್ತದೆ. ನಿಮ್ಮ ತಂದೆಯವರ ಕಾಲಿನ ಬಾವು ಹೀಗೆ ಕೂಡಿಟ್ಟ ನೀರು.

ಇದರ ಜೊತೆಗೆ ಅಡ್ರಿನಲಿನ್ ಕುಲದ ರಸಗಳು ಹೃದಯವನ್ನು ಬೇಗ ಬೇಗ ಬಡಿಯುವಂತೆ ಅಟ್ಟುತ್ತವೆ. ಹೇರು ತುಂಬಿದ ಬಂಡಿಯನ್ನು ಏರಿಗೆ ಎಳೆದು ಸೋತ ಎತ್ತಿಗೆ ಬಾರುಕೋಲಿನ ಏಟು ಬಿದ್ದಂತೆ ಅದು. ಈ ಏಟನ್ನು ತಡೆಯುವ ಗುಳಿಗೆಗಳೇ ಬೀಟಾ ಬ್ಲಾಕರ್‌ಗಳು. ಸೋತ ಹೃದಯವನ್ನು ಇನ್ನೂ ನಿಧಾನಗೊಳಿಸುವುದು ಅಪಾಯವೆಂದು ವೈದ್ಯಲೋಕ ಬಹುಕಾಲ ನಂಬಿತ್ತು. 1975ರಲ್ಲಿ ಸ್ವೀಡನ್ನಿನ ವೈದ್ಯರು ಕೆಲವೇ ರೋಗಿಗಳಿಗೆ ಕೊಟ್ಟು ಗುಣ ಕಂಡರು, 1999ರ ಹೊತ್ತಿಗೆ ದೊಡ್ಡ ಪ್ರಯೋಗಗಳು ಇದರಿಂದ ಸಾವು ತಗ್ಗುವುದನ್ನು ಸಾಬೀತುಪಡಿಸಿದವು. ಇಂದಿನ ಚಿಕಿತ್ಸೆಯ ಬಹುಪಾಲು ಗುಳಿಗೆಗಳು ದೇಹದ ಈ ತಪ್ಪು ಗ್ರಹಿಕೆಯನ್ನು ತಡೆಯುವಂಥವೇ. ಆದ್ದರಿಂದ ಬಾವು ಇಳಿಯಿತೆಂದು ಅವುಗಳನ್ನು ನಿಲ್ಲಿಸುವಂತಿಲ್ಲ.

ನಮ್ಮ ಮನೆಯಲ್ಲಿ ನಡೆದ ತಪ್ಪು ಅದೇ. ಬೀದರಿನಲ್ಲಿ ಸಂಬಂಧಿಕರ ಮದುವೆಯಿತ್ತು. ಬಸ್ಸಿನಲ್ಲಿ ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕಾಗುತ್ತದೆ ಎಂದು ತಂದೆಯವರು ಯಾರಿಗೂ ಹೇಳದೆ ಎರಡು ದಿನ ನೀರಿನ ಗುಳಿಗೆ (ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕುವ ಗುಳಿಗೆ) ಬಿಟ್ಟರು, ಊಟದಲ್ಲಿ ಹಪ್ಪಳ, ಉಪ್ಪಿನಕಾಯಿ ಎರಡೂ ಆದವು. ಮೂರನೆಯ ರಾತ್ರಿ ಎರಡು ಗಂಟೆಗೆ ನೋಡಿದರೆ ಹೊರಸಿನ ಅಂಚಿನಲ್ಲಿ ಕುಳಿತು, ಮೊಣಕಾಲಿಗೆ ಕೈಯೂರಿ, ಕಿಟಕಿಯ ಕಡೆ ಬಾಯಿ ತೆರೆದು ಉಸಿರೆಳೆಯುತ್ತಿದ್ದರು. ಹರಡಿನ ಮೇಲೆ ಹೆಬ್ಬೆರಳಿಂದ ಒತ್ತಿ ತೆಗೆದರೆ ಹುಣಸೆಬೀಜ ಹಿಡಿಸುವಷ್ಟು ಗುಳಿ ಬಿದ್ದು ಹಾಗೆಯೇ ಉಳಿಯಿತು. ದವಾಖಾನೆಯಲ್ಲಿ ತೂಗಿದಾಗ ಹಿಂದಿನ ವಾರಕ್ಕಿಂತ ಮೂರು ಕಿಲೋ ಹೆಚ್ಚಿತ್ತು. ಮೂರು ಕಿಲೋ ಎಂದರೆ ಮೂರು ಲೀಟರ್ ನೀರು.

ಅಂದಿನಿಂದ ಮನೆಗೊಂದು ತೂಕದ ಯಂತ್ರ ತಂದೆವು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿನ್ನುವ ಮುಂಚೆ ತೂಗಿ ವಹಿಯಲ್ಲಿ ಬರೆಯುವುದು. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ದಮ್ಮು ಹತ್ತುವವರೆಗೆ ಕಾಯದೆ ವೈದ್ಯರಿಗೆ ತಿಳಿಸುವುದು. ನಮ್ಮ ಜೋಳದ ರೊಟ್ಟಿಗೆ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ, ಅದು ನಮ್ಮ ಪುಣ್ಯ. ಉಪ್ಪು ಬರುವುದು ಪಕ್ಕದ ಪದಾರ್ಥಗಳಿಂದ: ಉಪ್ಪಿನಕಾಯಿ, ಸಂಡಿಗೆ, ಶೇಂಗಾ ಹಿಂಡಿ, ಸಂಜೆಯ ಮಿರ್ಚಿ ಭಜಿ. ಅಂಗಡಿಯ ‘ಕಡಿಮೆ ಸೋಡಿಯಂ’ ಉಪ್ಪನ್ನು ಕೇಳದೆ ತರಬೇಡಿ, ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ ಮತ್ತು ಕೆಲವು ಗುಳಿಗೆಗಳ ಜೊತೆ ಅದು ಅಪಾಯಕಾರಿ ಮಟ್ಟಕ್ಕೆ ಏರಬಲ್ಲದು. ಮೊಣಕಾಲು ನೋವಿಗೆಂದು ಮೆಡಿಕಲ್ ಶಾಪಿನಿಂದ ತರುವ ಡೈಕ್ಲೊಫಿನ್ಯಾಕ್, ಐಬುಪ್ರೊಫೆನ್ ಮುಂತಾದವೂ ಉಪ್ಪು ನೀರು ಹಿಡಿದಿಡುತ್ತವೆ. ದಿನಕ್ಕೆ ಎಷ್ಟು ನೀರು ಕುಡಿಯಬೇಕು ಎಂಬುದನ್ನು ಬೇಸಿಗೆಗೆ ಬೇರೆಯಾಗಿ ಕೇಳಿಕೊಳ್ಳಿ, 42 ಡಿಗ್ರಿಯ ಬಿಸಿಲಿಗೆ ಚಳಿಗಾಲದ ಲೆಕ್ಕ ಹೊಂದುವುದಿಲ್ಲ.

ಎಕೋ (ಹೃದಯದ ಸ್ಕ್ಯಾನ್) ವರದಿಯಲ್ಲಿ ‘ಇ.ಎಫ್. 30’ ಎಂದಿದ್ದರೆ ನೂರರಲ್ಲಿ ಮೂವತ್ತು ಭಾಗವಷ್ಟೇ ಹೃದಯ ಉಳಿದಿದೆ ಎಂದು ತಿಳಿಯಬೇಡಿ. ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಹೊರಹೋಗುವ ಪಾಲು ಅದು. ಆರೋಗ್ಯವಂತರಲ್ಲೂ 55ರಿಂದ 70ರಷ್ಟೇ ಇರುತ್ತದೆ. ಹೃದಯ ಪೆಡಸಾಗಿ ಸರಿಯಾಗಿ ತುಂಬದಿದ್ದರೆ ಈ ಅಂಕಿ ಸರಿಯಾಗಿದ್ದೂ ಕಾಯಿಲೆ ಇರಬಹುದು, ಆದ್ದರಿಂದ ಯಾವ ಬಗೆಯದು, ಕವಾಟ ಹೇಗಿದೆ ಎಂದು ಕೇಳಿ. ಇದಕ್ಕಾಗಿ ಮೊದಲಿನಂತೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಬೇಕಿಲ್ಲ, ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯಿದೆ.

ಕುಳಿತರೂ ಉಸಿರು ಸಾಲದಿದ್ದರೆ, ಕೆಮ್ಮಿದಾಗ ಗುಲಾಬಿ ಬಣ್ಣದ ನೊರೆ ಬಂದರೆ, ಎದೆನೋವು ಕಾಣಿಸಿದರೆ ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ. ದಮ್ಮು ಹತ್ತಿದವರನ್ನು ಗಾಡಿ ಬರುವವರೆಗೆ ಮಲಗಿಸಬೇಡಿ; ಬೆನ್ನಿಗೆ ಆಸರೆ ಕೊಟ್ಟು, ಕಾಲು ಕೆಳಗೆ ಇಳಿಬಿಟ್ಟು ಕೂರಿಸಿ.