ಪದೇ ಪದೇ ಕೈ ತೊಳೆದರೂ ಚರ್ಮ ಒಡೆಯದಂತಹ ಸೋಪನ್ನು ತಯಾರಿಸಲು ಸಾಧ್ಯವೇ?

ದಾವಣಗೆರೆಯ ಆಸ್ಪತ್ರೆಯೊಂದರ ನರ್ಸ್ ಕೇಳಿರುವ ಈ ಪ್ರಶ್ನೆ ಬೆಣ್ಣೆದೋಸೆ ಹೋಟೆಲುಗಳ ಕೆಲಸಗಾರರಿಗೂ ಅನ್ವಯಿಸುತ್ತದೆ. ಖಂಡಿತ ಸಾಧ್ಯವಿದೆ.

ಸಾಮಾನ್ಯ ಸೋಪಿನ ಪಿಎಚ್ (ಆಮ್ಲ-ಕ್ಷಾರಗಳ ಅಳತೆ) 9ರಿಂದ 10ರಷ್ಟಿದ್ದರೆ, ಚರ್ಮದ ಮೇಲ್ಮೈಯದು ಸುಮಾರು 5, ಅಂದರೆ ತುಸು ಆಮ್ಲೀಯ. ಮತ್ತೆ ಮತ್ತೆ ತೊಳೆಯುವಾಗ ಆ ಆಮ್ಲೀಯತೆ ಮರಳಲು ಬಿಡುವೇ ಸಿಗದೆ, ಮೇಲ್ಪದರದ ಕೋಶಗಳನ್ನು ಬೆಸೆದಿರುವ ಕೊಬ್ಬಿನಂಶವೂ ಕೊಳೆಯೊಂದಿಗೆ ಹೋಗಿ, ಬೆರಳ ಗೆಣ್ಣುಗಳ ಮೇಲೆ ಸಣ್ಣ ಬಿರುಕುಗಳು ಮೂಡುತ್ತವೆ. ಬೋರ್‌ವೆಲ್ಲಿನ ಗಡಸು ನೀರಾದರೆ ತೊಂದರೆ ಇನ್ನೂ ಹೆಚ್ಚು: ಅದರಲ್ಲಿನ ಕ್ಯಾಲ್ಸಿಯಂ ಸೋಪಿನೊಡನೆ ಸೇರಿ, ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಜಿಡ್ಡನ್ನೇ ಕೈಮೇಲೂ ಉಳಿಸುತ್ತದೆ.

ಸೋಪಿನ ಬದಲು ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ನೊರೆ ಬರಿಸುವ ಮಾರ್ಜಕವೊಂದನ್ನೇ ಬಳಸಿದರೂ ಪ್ರಯೋಜನವಿಲ್ಲ, ಏಕೆಂದರೆ ಅದರ ಬಿಡಿ ಅಣುಗಳು ಚರ್ಮದ ಪ್ರೋಟೀನಿಗೆ ಅಂಟಿ ಉರಿ ತರುತ್ತವೆ. ಅದರೊಂದಿಗೆ ಕೊಕಾಮಿಡೊಪ್ರೊಪಿಲ್ ಬೀಟೇನ್ ಎಂಬ ಸೌಮ್ಯ ಮಾರ್ಜಕವನ್ನು ಬೆರೆಸಿದಾಗ ಅಣುಗಳು ಒಟ್ಟುಗೂಡಿ ಮೈಸೆಲ್ ಎಂಬ ದೊಡ್ಡ ಗುಂಪುಗಳಾಗುವುದರಿಂದ, ಜಿಡ್ಡು ತೆಗೆಯುವ ಶಕ್ತಿ ಉಳಿದೂ ಉರಿ ತಗ್ಗುತ್ತದೆ. ತಯಾರಿಕೆಯ ನಿಜವಾದ ಕೌಶಲ ಇರುವುದು ಇಲ್ಲಿಯೇ. ಇದಕ್ಕೆ ಗ್ಲಿಸರಿನ್ ಸೇರಿಸಿ, ಸಿಟ್ರಿಕ್ ಆಮ್ಲದಿಂದ ಪಿಎಚ್ ಅನ್ನು 5.5ರ ಆಸುಪಾಸಿಗೆ ತರುತ್ತಾರೆ. ಸುಗಂಧ ಬೇಡವೇ ಬೇಡ. ಅಲರ್ಜಿಗೆ ಅದು ಸಾಮಾನ್ಯ ಕಾರಣ.

ಕಣ್ಣಿಗೆ ಕಾಣುವ ಕೊಳೆ ಇಲ್ಲದಿದ್ದಾಗ ನರ್ಸ್‌ಗಳು ಗ್ಲಿಸರಿನ್ ಬೆರೆತ ಆಲ್ಕೋಹಾಲ್ ದ್ರಾವಣವನ್ನು ಬಳಸುವುದು ಚರ್ಮಕ್ಕೆ ಇನ್ನೂ ಹಿತಕರ.