‘ಚಾರ್ಜ್’ ಪದದ ಅರ್ಥಗಳನ್ನು ಬಾಯಿಪಾಠ ಮಾಡಬೇಡಿ

ಇಂಗ್ಲಿಷಿನ ‘ಚಾರ್ಜ್’ ಪದದ ಅರ್ಥಗಳನ್ನೆಲ್ಲ ನೆನಪಿಡಲು ಯಾವ ಪಟ್ಟಿ ಒಳ್ಳೆಯದು ಎಂದು ಕೇಳಿದ್ದೀರಿ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ತೋಟ ಕೊಳ್ಳಲು ಹೊರಟಾಗ ನನ್ನ ಬಳಿಯೂ ಅಂಥದೊಂದು ಪಟ್ಟಿ ಇತ್ತು. ಕ್ರಯಪತ್ರದ ಕರಡು ಇಂಗ್ಲಿಷಿನಲ್ಲಿದ್ದುದರಿಂದ ಎನ್‌ಕಂಬ್ರೆನ್ಸ್, ಲೀನ್, ಇಂಡೆಮ್ನಿಫೈ ಮುಂತಾದ ಗಟ್ಟಿ ಪದಗಳಿಗೆಲ್ಲ ನಿಘಂಟು ತೆಗೆದು ಅರ್ಥ ಬರೆದುಕೊಂಡೆ. ‘ಸಬ್ಜೆಕ್ಟ್ ಟು ದಿ ಚಾರ್ಜ್ ಶೋನ್ ಇನ್ ದಿ ಷೆಡ್ಯೂಲ್’ ಎಂಬ ಸಾಲಿಗೆ ಮಾತ್ರ ನಿಘಂಟು ಮುಟ್ಟಲಿಲ್ಲ. ಬಸ್ ಚಾರ್ಜ್, ಮೊಬೈಲ್ ಚಾರ್ಜ್, ಲಾಠಿ ಚಾರ್ಜ್ ಎಂದು ಬೆಳಗಾದರೆ ಆಡುವ ಪದಕ್ಕೆ ನಿಘಂಟೇಕೆ? ನೋಂದಣಿಯ ಖರ್ಚು ನನ್ನದೆಂದು ಮೊದಲೇ ಮಾತಾಗಿತ್ತು. ಇದೂ ಅದೇ ಶುಲ್ಕವೆಂದು ತಿಳಿದು, ಷೆಡ್ಯೂಲ್ ಎಂಬ ಅನುಬಂಧದ ಪುಟವನ್ನು ತಿರುವಿಯೂ ನೋಡದೆ ಸಹಿ ಹಾಕಿದೆ.

ಮಾರಿದವರು ಒಂದು ಸಹಕಾರ ಸಂಘದಿಂದ ತೆಗೆದಿದ್ದ ಸಾಲಕ್ಕೆ ಆ ತೋಟವೇ ಭದ್ರತೆಯಾಗಿತ್ತು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 100ನೇ ಪ್ರಕರಣದಂತೆ, ಒಬ್ಬರ ಸ್ಥಿರಾಸ್ತಿಯು ಇನ್ನೊಬ್ಬರಿಗೆ ಸಲ್ಲಬೇಕಾದ ಹಣಕ್ಕೆ ಭದ್ರತೆಯಾಗಿದ್ದು, ಆ ವ್ಯವಹಾರ ಅಡಮಾನವಾಗದಿದ್ದರೆ ಅದಕ್ಕೆ ಚಾರ್ಜ್ ಎಂದು ಹೆಸರು. ವಿಷಯ ತಿಳಿಯದೆ ಬೆಲೆ ಕೊಟ್ಟು ಕೊಂಡವನಿಗೆ, ಕಾನೂನು ಬೇರೆ ರೀತಿ ಸ್ಪಷ್ಟವಾಗಿ ಹೇಳಿಲ್ಲದಿದ್ದರೆ, ಅದೇ ಪ್ರಕರಣದಲ್ಲಿ ರಕ್ಷಣೆಯೂ ಉಂಟು. ಆದರೆ ನನಗೆ ತಿಳಿದಿರಲಿಲ್ಲ ಎಂದು ವಾದಿಸಲು ನನ್ನ ಸಹಿಯೇ ಅಡ್ಡ ಬಂತು, ಏಕೆಂದರೆ ಚಾರ್ಜಿಗೆ ಒಳಪಟ್ಟು ಕೊಂಡಿದ್ದೇನೆಂದು ಬರೆದುಕೊಟ್ಟವನು ನಾನೇ. ಹೊಸ ಪಹಣಿ ತೆಗೆಸಿದ್ದರೂ ಸಾಕಿತ್ತು. 11ನೇ ಕಾಲಮಿನ ಋಣಗಳ ಕೆಳಗೆ ಸಂಘದ ಹೆಸರೂ ಮೊತ್ತವೂ ಅಚ್ಚಕನ್ನಡದಲ್ಲೇ ಇದ್ದವು. ಬೇರೆಯವರ ಸಾಲವನ್ನು ಬಡ್ಡಿ ಸಮೇತ ತೀರಿಸಲು ನನ್ನ ಒಂದು ಫಸಲು ಹೋಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪಟ್ಟಿ ನಮಗೆ ಗೊತ್ತಿಲ್ಲದ ಪದಗಳಿಂದ ಕಾಪಾಡುತ್ತದೆ, ಗೊತ್ತಿದೆಯೆಂದು ನಂಬಿರುವ ಪದಗಳಿಂದ ಕಾಪಾಡುವುದಿಲ್ಲ. ಈ ಪದ ಲ್ಯಾಟಿನ್ನಿನಲ್ಲಿ ಗಾಡಿಗೆ ಹೇರು ಹೇರುವುದರಿಂದ ಹುಟ್ಟಿ, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು. ಆ ಹೊರೆಯನ್ನು ಹಿಡಿದುಕೊಂಡರೆ ಉಳಿದುವೆಲ್ಲ ತಾವಾಗಿ ಹಿಂದೆ ಬರುತ್ತವೆ. ಕೊಡಬೇಕಾದ ಶುಲ್ಕವೂ ಹೊರೆ, ವಹಿಸಿಕೊಂಡ ಅಧಿಕಾರವೂ ಹೊರೆ, ಮೇಲೆ ಹೊರಿಸಿದ ಆರೋಪವೂ ಹೊರೆ. ನಮ್ಮ ಕಡೆ ತೋಟ ಕಾಯಲು ಇಟ್ಟುಕೊಳ್ಳುವ ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಸುರಿದು ಗಜವೆಂಬ ಸರಳಿನಿಂದ ಜಡಿಯುವ ಮದ್ದಿಗೂ ಇಂಗ್ಲಿಷಿನಲ್ಲಿ ಚಾರ್ಜ್ ಎಂದೇ ಹೆಸರು. ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದಲ್ಲಿ ವಿದ್ಯುತ್ತಿಗೆ ಬಳಸಿದ್ದೂ ಇದೇ ಪದವನ್ನು. ನಮ್ಮ ಸರ್ಕಾರಿ ಕನ್ನಡವೂ ‘ಪ್ರಭಾರ’, ‘ಋಣಭಾರ’ ಎಂದು ಭಾರವನ್ನೇ ಉಳಿಸಿಕೊಂಡಿದೆ.

ಯಾವ ಹೊರೆ ಎಂಬುದನ್ನು ಅಕ್ಕಪಕ್ಕದ ಪುಟ್ಟ ಪದಗಳು ಹೇಳುತ್ತವೆ. ‘ಚಾರ್ಜ್ಡ್ ವಿತ್’ ಎಂದರೆ ಬಹುಮಟ್ಟಿಗೆ ಆರೋಪ, ‘ಚಾರ್ಜ್ ಫಾರ್’ ಎಂದರೆ ಶುಲ್ಕ. ಪರೀಕ್ಷೆಗೆ ಓದುವವರು ಹೆಚ್ಚಾಗಿ ಎಡವುವುದು ಒಂದು ‘ದಿ’ ವಿಷಯದಲ್ಲಿ: ‘ಇನ್ ಚಾರ್ಜ್ ಆಫ್ ದಿ ಚೈಲ್ಡ್’ ಎಂದರೆ ಮಗುವನ್ನು ನೋಡಿಕೊಳ್ಳುವವರು, ‘ಇನ್ ದಿ ಚಾರ್ಜ್ ಆಫ್ ದಿ ನರ್ಸ್’ ಎಂದರೆ ದಾದಿಯ ಸುಪರ್ದಿನಲ್ಲಿರುವವರು. ಆಸ್ತಿಪತ್ರದಲ್ಲಿ ‘ಚಾರ್ಜ್ ಆನ್’ ಅಥವಾ ‘ಸಬ್ಜೆಕ್ಟ್ ಟು ದಿ ಚಾರ್ಜ್’ ಕಂಡರೆ ಪೆನ್ನು ಕೆಳಗಿಟ್ಟು ಷೆಡ್ಯೂಲನ್ನು ಪೂರ್ತಿ ಓದಿ. ಋಣಭಾರ ಪತ್ರವೊಂದನ್ನೇ ನೆಚ್ಚಬೇಡಿ, ಅದರಲ್ಲಿ ಬರುವುದು ಉಪನೋಂದಣಿ ಕಚೇರಿಯಲ್ಲಿ ದಾಖಲಾದ ವ್ಯವಹಾರಗಳು ಮಾತ್ರ. ಸಹಿ ಹಾಕುವ ವಾರದ ಪಹಣಿಯನ್ನೂ ತೆಗೆಸಿ, ಮಾರುವವರು ಸದಸ್ಯರಾಗಿರುವ ಸಂಘದಿಂದ ಬಾಕಿಯಿಲ್ಲವೆಂಬ ಪತ್ರವನ್ನೂ ಕೇಳಿ ಪಡೆಯಿರಿ.